ಅಜ್ಜಿಯ ಹಾಡು ಬೇಕು, ರಕ್ತದ ಹನಿ ಬೇಕು, ಮಾತು ಬೇಡವೇ?

ನಮ್ಮ ಹಳ್ಳಿಗಳ ಅಜ್ಜಿಯರ ಮನೆ ಬಾಗಿಲಿಗೆ ವಿಶ್ವವಿದ್ಯಾಲಯಗಳು ಎರಡು ಸಲ ಬಂದಿವೆ. ಮೊದಲ ಸಲ ಬಂದವರು ಕನ್ನಡ ಮತ್ತು ಜಾನಪದ ವಿಭಾಗಗಳವರು. ಹೆಗಲಿಗೆ ಟೇಪ್ ರೆಕಾರ್ಡರ್ ನೇತುಹಾಕಿಕೊಂಡು ಬಂದು ಬೀಸುವ ಪದ, ಸೋಬಾನೆ ಪದ, ಹಬ್ಬದ ಹಾಡುಗಳನ್ನು ಹೇಳಿಸಿಕೊಂಡು ಹೋದರು. ಎರಡನೇ ಸಲ ಬಂದವರು, ಈಗಲೂ ಬರುತ್ತಿರುವವರು, ಆರೋಗ್ಯ ಸಂಶೋಧಕರು. ಅವರ ಚೀಲದಲ್ಲಿ ಬಿಪಿ ಯಂತ್ರ, ತೂಕದ ಯಂತ್ರ, ಕೈ ಹಿಡಿತದ ಬಲ ಅಳೆಯುವ ಸಾಧನ, ಬೆರಳು ಚುಚ್ಚಿ ರಕ್ತದ ಹನಿ ತೆಗೆಯುವ ಸೂಜಿ ಇರುತ್ತವೆ. ಜೊತೆಗೆ ಒಂದು ಉದ್ದನೆಯ ಪ್ರಶ್ನಾವಳಿ. ಮೊದಲು ಬಂದವರಿಗೆ ಹಾಡು ಸಿಕ್ಕಿತು, ಪಿಎಚ್.ಡಿ. ಸಿಕ್ಕಿತು. ಎರಡನೆಯವರಿಗೆ ಅಂಕಿ ಅಂಶ ಸಿಕ್ಕಿತು, ಪ್ರಬಂಧ ಪ್ರಕಟವಾಯಿತು. ಅಜ್ಜಿ ಹಾಡಿನ ನಡುವೆ ಹೇಳಿದ್ದು, ಪ್ರಶ್ನೆಯ ಆಚೆಗೆ ಹೇಳಿದ್ದು ಮಾತ್ರ ಎರಡೂ ಕಡೆ ದಾಖಲಾಗಲಿಲ್ಲ. ನನ್ನ ತಕರಾರು ಇರುವುದು ಇದರ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ, ಲೆಕ್ಕ ಹಾಕುವುದರ ಮೇಲೆ ನನಗೆ ಸಿಟ್ಟಿಲ್ಲ. ಸಾಹಿತ್ಯದ ಮಂದಿಗೆ ಅಂಕಿ ಅಂಶ ಕಂಡರೆ ಮೂಗು ಮುರಿಯುವ ಚಟವಿದೆ. "ಮನುಷ್ಯರನ್ನು ಸಂಖ್ಯೆ ಮಾಡಿದ್ದೀರಿ" ಎಂದು ವೇದಿಕೆಯಲ್ಲಿ ಹೇಳಿದರೆ ಚಪ್ಪಾಳೆಯೂ ಬೀಳುತ್ತದೆ. ಆದರೆ ಎಣಿಕೆಗೆ ಸಿಗದ ಮುದುಕರಿಗೆ ಸರ್ಕಾರದ ಕಡತದಲ್ಲಿ ಜಾಗವೇ ಇರುವುದಿಲ್ಲ. ಬಡ ವೃದ್ಧರಿಗೆ ಕೇಂದ್ರ ಸರ್ಕಾರ ಕೊಡುವ ಪಿಂಚಣಿಯ ಪಾಲು ಎಂಬತ್ತು ವರ್ಷದೊಳಗಿನವರಿಗೆ ತಿಂಗಳಿಗೆ 200 ರೂಪಾಯಿ. ಸುಮಾರು ಎರಡು ದಶಕದಿಂದ ಅದು ಅಲ್ಲೇ ನಿಂತಿದೆ. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದವರಿಗೆ ಸಿಗುವುದು 1,200 ರೂಪಾಯಿ. ಇದು ಸಾಲದು ಎಂದು ವಾದಿಸಬೇಕಾದರೆ ಎಷ್ಟು ಜನರಿಗೆ, ಯಾವುದಕ್ಕೆ, ಎಷ್ಟು ಸಾಲದು ಎಂದು ಹೇಳಬೇಕಾಗುತ್ತದೆ. ಅದಕ್ಕೆ ಸಂಖ್ಯೆಯೇ ಬೇಕು.

ಆ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಲಾಸಿ ಎಂಬ ಸಮೀಕ್ಷೆ. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯವರು ಹಾರ್ವರ್ಡ್ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ಜೊತೆ ಸೇರಿ 2017-18ರಲ್ಲಿ ಅದರ ಮೊದಲ ಸುತ್ತು ನಡೆಸಿದರು. ನಲವತ್ತೈದು ದಾಟಿದವರು ಮತ್ತು ಅವರ ಗಂಡ ಅಥವಾ ಹೆಂಡತಿ ಸೇರಿ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ಅವರಲ್ಲಿ 31,000ಕ್ಕೂ ಹೆಚ್ಚು ಮಂದಿ ಅರವತ್ತು ದಾಟಿದವರು. ವರದಿ ಬಂದದ್ದು 2021ರ ಜನವರಿಯಲ್ಲಿ. ಅದರಲ್ಲಿನ ಒಂದು ಸಂಗತಿಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಅರವತ್ತು ದಾಟಿದವರಲ್ಲಿ "ವೈದ್ಯರು ನನಗೆ ಖಿನ್ನತೆ ಇದೆ ಎಂದು ಹೇಳಿದ್ದಾರೆ" ಎಂದವರು ನೂರಕ್ಕೆ ಒಬ್ಬರೂ ಇಲ್ಲ, 0.8. ಆದರೆ ಲಕ್ಷಣಗಳನ್ನು ಒಂದೊಂದಾಗಿ ಕೇಳುತ್ತ ಹೋದಾಗ ನೂರರಲ್ಲಿ ಸುಮಾರು ಎಂಟು ಜನರಿಗೆ ಖಿನ್ನತೆ ಇರಬಹುದು ಎಂದು ಕಂಡುಬಂತು. ಅಂದರೆ ಹತ್ತು ಜನ ಕುಗ್ಗಿ ಕೂತಿದ್ದರೆ ಅದಕ್ಕೊಂದು ಹೆಸರು ಸಿಕ್ಕಿರುವುದು ಒಬ್ಬರಿಗೆ.

ಈ ಅಂತರಕ್ಕೆ ಕಾರಣ ಹಲವು. ತಾಲ್ಲೂಕು ಮಟ್ಟದಲ್ಲಿ ಮನೋವೈದ್ಯರು ಸಿಗುವುದು ಅಪರೂಪ. ಹುಚ್ಚು ಎಂಬ ಹಣೆಪಟ್ಟಿಯ ಭಯ ಇದೆ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂಬ ಉದಾಸೀನವಿದೆ. ಇವುಗಳ ಸಾಲಿನಲ್ಲಿ ನಾನು ಇನ್ನೊಂದನ್ನು ಸೇರಿಸುತ್ತೇನೆ, ಅದು ಭಾಷೆ. ಉಳಿದ ಕಾರಣಗಳನ್ನು ಸರಿಪಡಿಸಲು ಸರ್ಕಾರ ಬೇಕು, ದುಡ್ಡು ಬೇಕು. ಇದನ್ನು ಸರಿಪಡಿಸುವುದು ಕನ್ನಡ ಓದಿದವರಿಗೆ ಸಾಧ್ಯ. ಆದ್ದರಿಂದ ಇದರ ಹೊಣೆಯೂ ನಮ್ಮದೇ.

ಕೆಲವು ವರ್ಷಗಳ ಹಿಂದೆ ಪರಿಚಯದ ಸಂಶೋಧಕಿಯೊಬ್ಬರು ವೃದ್ಧರ ಯೋಗಕ್ಷೇಮದ ಕುರಿತ ಒಂದು ಪ್ರಶ್ನಾವಳಿಯ ಕನ್ನಡ ರೂಪವನ್ನು ತಿದ್ದಿಕೊಡಿ ಎಂದು ನನಗೆ ಕಳಿಸಿದರು. ಅದರಲ್ಲಿ ಒಂಟಿತನ ಅಳೆಯುವ ಮೂರು ಪ್ರಶ್ನೆಗಳಿದ್ದವು. ಇವುಗಳ ಮೂಲ ಕ್ಯಾಲಿಫೋರ್ನಿಯಾದ್ದು. ಅಲ್ಲಿನ ಮನಶ್ಶಾಸ್ತ್ರಜ್ಞರು 1978ರಲ್ಲಿ ಇಪ್ಪತ್ತು ಪ್ರಶ್ನೆಗಳ ಮಾಪನವೊಂದನ್ನು ರೂಪಿಸಿದ್ದರು. ದೊಡ್ಡ ಸಮೀಕ್ಷೆಗಳಿಗೆ ಅನುಕೂಲವಾಗಲೆಂದು 2004ರಲ್ಲಿ ಅದನ್ನು ಮೂರಕ್ಕೆ ಇಳಿಸಲಾಯಿತು. ನನ್ನ ಕೈಗೆ ಬಂದ ಕನ್ನಡದಲ್ಲಿ ಮೊದಲ ಪ್ರಶ್ನೆ ಹೀಗಿತ್ತು: "ತಮಗೆ ಸಾಂಗತ್ಯದ ಕೊರತೆಯಿದೆ ಎಂದು ಎಷ್ಟು ಬಾರಿ ಅನ್ನಿಸುತ್ತದೆ?" ಉತ್ತರಕ್ಕೆ ಮೂರು ಆಯ್ಕೆ: ವಿರಳವಾಗಿ, ಕೆಲವೊಮ್ಮೆ, ಆಗಾಗ್ಗೆ. ಕನ್ನಡ ಎಂ.ಎ. ಓದಿದ ನನ್ನಂಥವರಿಗೆ ಸಾಂಗತ್ಯ ಎಂದ ಕೂಡಲೇ ನೆನಪಾಗುವುದು ರತ್ನಾಕರವರ್ಣಿ. ಛಂದಸ್ಸಿನ ಕೊರತೆ ಅಜ್ಜಿಗೆ ಯಾಕಾದೀತು ಎಂದು ನಗು ಬಂತು. ಆಮೇಲೆ ಆ ಪ್ರಶ್ನೆಯನ್ನು ನಿಜವಾದ ಅಜ್ಜಿಯ ಮುಂದೆ ಕೇಳುವುದನ್ನು ನೋಡಿದಾಗ ನಗು ಉಳಿಯಲಿಲ್ಲ.

ಆ ಸಂಶೋಧಕಿಯ ಜೊತೆ ನಾನು ತುಮಕೂರು ಕಡೆಯ ಒಂದು ಹಳ್ಳಿಗೆ ಎರಡು ದಿನ ಹೋಗಿದ್ದೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಜಗಲಿಯಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದರು. ಮನೆಯಲ್ಲಿ ಎಷ್ಟು ಜನ ಎಂದರೆ ಏಳು. ದಿನಕ್ಕೆ ಎಷ್ಟು ಹೊತ್ತು ಊಟ ಎಂದರೆ ಎರಡು. ಸರಿಯಾಗಿ ಊಟ ಸಿಗುತ್ತದಾ ಎಂದು ಕೇಳಿದಾಗ ಅಜ್ಜಿ ಹೇಳಿದ್ದು ಇಷ್ಟು: "ಮುದ್ದೆ ಮಡಗಿರ್ತಾರೆ ಕಣವ್ವ." ಟ್ಯಾಬಿನಲ್ಲಿ "ಹೌದು" ಎಂಬುದರ ಮೇಲೆ ಬೆರಳು ಬಿತ್ತು. ಮುಂದಿನ ಪ್ರಶ್ನೆ ಬಂತು.

ಆ ಸೀಮೆಯ ಕನ್ನಡ ಗೊತ್ತಿರುವವರು ಇಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ಅಲ್ಲಿ ಊಟ ಬಡಿಸುವುದಕ್ಕೆ ಇರುವ ಮಾತು "ಇಕ್ಕು". ಸೊಸೆ ಎದುರು ನಿಂತು ತಟ್ಟೆಗೆ ಮುದ್ದೆ ಹಾಕಿ ಸಾರು ಬಿಟ್ಟರೆ ಅದು "ಇಕ್ತಾರೆ". "ಮಡಗಿರ್ತಾರೆ" ಅಂದರೆ ಇಟ್ಟು ಹೋಗಿರುತ್ತಾರೆ. ಎಲ್ಲರೂ ಉಂಡ ಮೇಲೋ ಎಲ್ಲರೂ ಕೆಲಸಕ್ಕೆ ಹೋದ ಮೇಲೋ, ಒಲೆ ಪಕ್ಕ ಮುಚ್ಚಿಟ್ಟ ತಟ್ಟೆಯನ್ನು ಅಜ್ಜಿ ತಾನೇ ಎತ್ತಿಕೊಂಡು ಒಬ್ಬಳೇ ಉಣ್ಣುತ್ತಾಳೆ. ಏಳು ಜನರಿರುವ ಮನೆಯಲ್ಲಿ ತನ್ನ ಸ್ಥಿತಿ ಏನು ಎಂಬುದನ್ನು ಆಕೆ ಒಂದು ಕ್ರಿಯಾಪದದಲ್ಲಿ ಹೇಳಿಬಿಟ್ಟಿದ್ದರು. ಸೊಸೆಯ ಮೇಲೆ ದೂರು ಹೇಳಲಿಲ್ಲ, ಮಗನ ಮಾನ ತೆಗೆಯಲಿಲ್ಲ. ಕೇಳಿಸಿಕೊಳ್ಳುವವರಿಗೆ ಕೇಳಿಸಲಿ ಎಂದು ಹೇಳಿದ ಮಾತು ಅದು. ಅದರಲ್ಲಿ ಸೊಸೆಯ ತಪ್ಪೇನೂ ಇಲ್ಲದಿರಬಹುದು. ಬೆಳಿಗ್ಗೆ ಆರಕ್ಕೆ ಗಾರ್ಮೆಂಟ್ ಫ್ಯಾಕ್ಟರಿಯ ಬಸ್ಸು ಹಿಡಿಯುವ ಹೆಣ್ಣುಮಗಳು ಮಡಗಿ ಹೋಗದೆ ಇನ್ನೇನು ಮಾಡಿಯಾಳು? ಅದನ್ನು ಕೂಡ ಮುಂದಿನ ಪ್ರಶ್ನೆ ಕೇಳಿ ತಿಳಿಯಬೇಕಿತ್ತು. ಕೇಳಲು ಪ್ರಶ್ನಾವಳಿಯಲ್ಲಿ ಜಾಗ ಇರಲಿಲ್ಲ. ಕೊನೆಗೆ ಸಾಂಗತ್ಯದ ಪ್ರಶ್ನೆ ಬಂದಾಗ ಅಜ್ಜಿಗೆ ಅರ್ಥವಾಗಲಿಲ್ಲ. "ಜೊತೆಗೆ ಯಾರೂ ಇಲ್ಲ ಅನ್ಸುತ್ತಾ ಅಜ್ಜಿ?" ಎಂದು ಬಿಡಿಸಿ ಕೇಳಿದರು. "ಮನೆ ತುಂಬ ಜನ ಅವ್ರಲ್ಲವ್ವ" ಎಂದರು ಅಜ್ಜಿ. "ವಿರಳವಾಗಿ" ಎಂದು ಗುರುತಾಯಿತು. ಆ ಊರಿನ ಲೆಕ್ಕದಲ್ಲಿ ಆ ಅಜ್ಜಿಗೆ ಒಂಟಿತನ ಇಲ್ಲ.

ಸಂಶೋಧಕಿ ಪ್ರಾಮಾಣಿಕರು, ದುಡಿಯುವವರು. ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಓದಿದವರು. ಅವರಿಗೆ ಆ ಎರಡು ಕ್ರಿಯಾಪದಗಳ ವ್ಯತ್ಯಾಸ ಗೊತ್ತಿರಬೇಕೆಂದು ನಾನು ನಿರೀಕ್ಷಿಸುವುದಿಲ್ಲ. ಆ ವ್ಯತ್ಯಾಸ ಗೊತ್ತಿರುವವರನ್ನು ಆ ಕೆಲಸಕ್ಕೆ ಕರೆಯಬೇಕೆಂದು ಯಾವ ಸಂಸ್ಥೆಗೂ ಯಾಕೆ ಹೊಳೆಯುವುದಿಲ್ಲ ಎಂದು ಕೇಳುತ್ತಿದ್ದೇನೆ.

ನಮ್ಮ ಹಿರಿಯರು ಸಂಕಟವನ್ನು ಹೇಳುವ ಬಗೆಯೇ ಬೇರೆ. "ನನಗೆ ದುಃಖವಾಗಿದೆ", "ನನಗೆ ಒಂಟಿತನ ಕಾಡುತ್ತಿದೆ" ಎಂದು ಎಂಬತ್ತರ ಅಜ್ಜ ಹೇಳುವುದನ್ನು ನಾನು ಕೇಳಿಲ್ಲ. ಆ ವಾಕ್ಯಗಳು ನವ್ಯ ಕತೆಗಳ ನಾಯಕರದು. ಅಜ್ಜ ಹೇಳುವುದು "ಹೊತ್ತೇ ಹೋಗಲ್ಲ" ಎಂದು. ಬಯಲುಸೀಮೆಯ ಉತ್ತರ ಭಾಗದಲ್ಲಾದರೆ "ಭಾಳ ಬ್ಯಾಸರ". ಎದೆ ಭಾರ, ಕೈಕಾಲು ಸೋತು ಬರ್ತವೆ, ಜೀವ ಡವಡವ ಅಂತದೆ, ಅನ್ನ ಸೇರಲ್ಲ, ರಾತ್ರಿಯೆಲ್ಲ ಕಣ್ಣು ಮುಚ್ಚಲ್ಲ. ಮನಸ್ಸಿನ ಮಾತನ್ನು ಮೈಯ ಮಾತಾಗಿ ಹೇಳುವುದು ನಮ್ಮ ಭಾಷೆಯ ರೂಢಿ. ಆಸ್ಪತ್ರೆಗೆ ಹೋದರೆ ಎದೆ ಭಾರಕ್ಕೆ ಇಸಿಜಿ, ಅನ್ನ ಸೇರದಿದ್ದರೆ ಗ್ಯಾಸ್ಟ್ರಿಕ್ ಮಾತ್ರೆ, ಸೋತ ಕೈಕಾಲಿಗೆ ವಿಟಮಿನ್ ಸೂಜಿ. ಹತ್ತು ಜನರಲ್ಲಿ ಒಂಬತ್ತು ಜನರ ಸಂಕಟಕ್ಕೆ ಹೆಸರೇ ಸಿಗದೆ ಹೋಗುವ ಬಗೆಗಳಲ್ಲಿ ಇದೂ ಒಂದು.

ಇನ್ನು ಮಾನದ ಪ್ರಶ್ನೆ. ಲಾಸಿಯಲ್ಲಿ ಅರವತ್ತು ದಾಟಿದವರನ್ನು, ಕಳೆದ ಒಂದು ವರ್ಷದಲ್ಲಿ ಯಾರಾದರೂ ನಿಮ್ಮನ್ನು ಕೆಟ್ಟದಾಗಿ ನಡೆಸಿಕೊಂಡರೇ ಎಂದು ಕೇಳಿದಾಗ ಹೌದು ಎಂದವರು ನೂರಕ್ಕೆ ಐದರಷ್ಟು. ಈ ಐದನ್ನು ಓದಿ, ನಮ್ಮ ಕುಟುಂಬ ವ್ಯವಸ್ಥೆ ಇನ್ನೂ ಗಟ್ಟಿಯಾಗಿದೆ ಎಂದು ಬೀಗುವವರಿದ್ದಾರೆ. ನಮ್ಮ ಮನೆಗಳಲ್ಲಿ ಇಂಥ ಮಾತು ನಡೆಯುವ ಕೋಣೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಹೊರಗಿನವರು ಬಂದಿದ್ದಾರೆ ಎಂದರೆ ಮಗ ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಸೊಸೆ ಕಾಫಿ ತರುತ್ತಾಳೆ. ಪಕ್ಕದ ಮನೆಯವರು ಬಾಗಿಲಲ್ಲಿ ನಿಲ್ಲುತ್ತಾರೆ. ಮೊಮ್ಮಗ ಟ್ಯಾಬು ನೋಡಲು ತೊಡೆಯ ಮೇಲೆ ಹತ್ತುತ್ತಾನೆ. ಒಬ್ಬರನ್ನೇ ಮಾತಾಡಿಸಬೇಕು ಎಂಬ ನಿಯಮ ಕೈಪಿಡಿಯಲ್ಲಿರುತ್ತದೆ, ಜಗಲಿಯಲ್ಲಿ ಅದನ್ನು ಪಾಲಿಸುವುದು ಕಷ್ಟ. ಇಷ್ಟು ಜನರ ಮುಂದೆ "ನನ್ನ ಮಗ ಬೈತಾನೆ" ಎಂದು ಯಾವ ತಾಯಿ ಹೇಳಿಯಾಳು? "ದೇವ್ರು ಮಡಗ್ದಂಗೆ ಇವ್ನಿ" ಎನ್ನುತ್ತಾಳೆ. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ಆ ಐದು ಎಂಬುದು ಬಾಯಿಬಿಟ್ಟು ಹೇಳಿದವರ ಸಂಖ್ಯೆ. ನೋವು ಉಂಡವರ ಸಂಖ್ಯೆ ಅದಕ್ಕಿಂತ ಕಡಿಮೆ ಇರಲಾರದು.

ಭಾಷೆಯನ್ನು ಗಂಭೀರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಮರೆವಿನ ಕಾಯಿಲೆ ಪತ್ತೆಗೆ ಪ್ರಪಂಚದಲ್ಲೆಲ್ಲ ಬಳಸುವ ಪರೀಕ್ಷೆಯೊಂದನ್ನು ಅಮೆರಿಕದ ಫೋಲ್‌ಸ್ಟೀನ್ ಮತ್ತು ಸಂಗಡಿಗರು 1975ರಲ್ಲಿ ರೂಪಿಸಿದರು. ಅದರಲ್ಲಿ ಐದಕ್ಷರದ ಒಂದು ಇಂಗ್ಲಿಷ್ ಪದದ ಅಕ್ಷರಗಳನ್ನು ಹಿಂದಿನಿಂದ ಹೇಳಿಸುತ್ತಾರೆ. ನೂರರಿಂದ ಏಳೇಳು ಕಳೆಯುತ್ತ ಹೋಗಲು ಹೇಳುತ್ತಾರೆ. ಒಂದು ವಾಕ್ಯ ಬರೆಸುತ್ತಾರೆ. ಶಾಲೆಯ ಮುಖ ನೋಡದವರಿಗೆ ಇದನ್ನು ಕೊಟ್ಟರೆ ಊರಿಗೆ ಊರೇ ಮರೆವಿನ ರೋಗಿಗಳಾಗಿ ಕಂಡಾರು. ಕನ್ನಡದಲ್ಲಂತೂ ಒತ್ತಕ್ಷರದ ಪದವನ್ನು ಹಿಂದಿನಿಂದ ಹೇಳುವುದು ಹೇಗೆಂದು ಪದವೀಧರರೇ ತಡವರಿಸುತ್ತಾರೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ಸಂಶೋಧಕರು ತೊಂಬತ್ತರ ದಶಕದಲ್ಲಿ ಇದನ್ನು ಗಮನಿಸಿ ಅಕ್ಷರ ಬಾರದವರಿಗೆಂದೇ ಹಿಂದಿಯಲ್ಲಿ ಬೇರೆ ಪರೀಕ್ಷೆ ಕಟ್ಟಿದರು. ಪದದ ಅಕ್ಷರಗಳ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿದರು. ವಾಕ್ಯ ಬರೆಸುವ ಬದಲು ಮನೆಯ ಬಗ್ಗೆ ಏನಾದರೂ ಹೇಳಿ ಎಂದರು. ಸಣ್ಣ ಬದಲಾವಣೆಗಳು. ಆದರೆ ಓದು ಬಾರದಿರುವುದನ್ನೂ ಮರೆವನ್ನೂ ಬೇರೆ ಬೇರೆಯಾಗಿ ನೋಡುವುದು ಅದರಿಂದ ಸಾಧ್ಯವಾಯಿತು.

ಅಕ್ಷರ ಬಾರದವರ ನೆನಪಿನ ಬಗ್ಗೆ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಯೂ ಇಲ್ಲ. ಬಳ್ಳಾರಿ ಸೀಮೆಯ ದರೋಜಿ ಈರಮ್ಮ ಓದು ಬರಹ ಕಲಿಯದೆಯೇ ಉದ್ದುದ್ದದ ಬುರ್ರಕಥಾ ಕಾವ್ಯಗಳನ್ನು ನೆನಪಿನಿಂದ ಹಾಡುತ್ತಿದ್ದರು. ಅಂಕೋಲೆಯ ಸುಕ್ರಿ ಬೊಮ್ಮಗೌಡ ಹಾಲಕ್ಕಿ ಸಮುದಾಯದ ಹಾಡುಗಳ ಭಂಡಾರವಾಗಿದ್ದರು, 2017ರಲ್ಲಿ ಪದ್ಮಶ್ರೀ ಬಂತು. ಇಂಥವರ ಮುಂದೆ ಐದಕ್ಷರದ ಪದ ಹಿಡಿದು ನಿಲ್ಲುವ ಪರೀಕ್ಷಕನಿಗೆ ಎಷ್ಟು ಅಂಕ ಕೊಡಬೇಕು?

ಈಗ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಮರೆವಿನ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆಯ ಲಕ್ಷಣ, ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೆ ಹೋಗದವರಲ್ಲೂ ಈ ವ್ಯತ್ಯಾಸ ಇತ್ತು. ಇದು ಕಾರಣವನ್ನೇ ಸಾಬೀತುಪಡಿಸುತ್ತದೆ ಎಂದು ನಾನು ಹೇಳುತ್ತಿಲ್ಲ, ಈ ವಿಷಯದಲ್ಲಿ ಇನ್ನೂ ಚರ್ಚೆ ನಡೆಯುತ್ತಿದೆ. ನನಗೆ ಮುಖ್ಯವಾಗಿ ಕಂಡಿದ್ದು, ಅವರು ಕೇಳಿದ ಪ್ರಶ್ನೆ. "ನೀವು ಎಷ್ಟನೇ ಕ್ಲಾಸು ಓದಿದ್ದೀರಿ" ಎಂಬಲ್ಲಿಗೆ ನಿಲ್ಲದೆ "ನೀವು ಯಾವ ಯಾವ ಭಾಷೆ ಆಡುತ್ತೀರಿ" ಎಂದೂ ಕೇಳಿದರು. ಸರ್ಕಾರಿ ಅರ್ಜಿಯಲ್ಲಿ "ಅನಕ್ಷರಸ್ಥೆ" ಎಂದು ಒಂದೇ ಪದದಲ್ಲಿ ಮುಗಿದುಹೋಗುವ ನಮ್ಮ ಎಷ್ಟೋ ಅಜ್ಜಿಯರು ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಪಕ್ಕದ ಮನೆಯವರ ಜೊತೆ ಉರ್ದು ಆಡುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 2018ರಿಂದ ದೀರ್ಘಕಾಲದ ಅಧ್ಯಯನ ನಡೆಸುತ್ತಿದ್ದಾರೆ. ನಲವತ್ತೈದು ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ನೋಡುವ ಗುರಿ ಅದರದು. ಮಾವಿನ ತೋಪಿನ ಆ ತಾಲ್ಲೂಕಿನಲ್ಲಿ ಕನ್ನಡ ತೆಲುಗು ಎರಡೂ ಬೆರೆತಿವೆ. ಒಮ್ಮೆ ಬಂದು ಹೋಗದೆ ಮತ್ತೆ ಬರುವ ಇಂಥ ಅಧ್ಯಯನಗಳು ಹೆಚ್ಚಬೇಕು.

ಆದರೆ ಮರೆವಿನ ಪರೀಕ್ಷೆಯ ಭಾಷೆಯ ಮೇಲೆ ಬಿದ್ದಷ್ಟು ಶ್ರಮ ಒಂಟಿತನದ, ನೆಮ್ಮದಿಯ, ಮರ್ಯಾದೆಯ ಪ್ರಶ್ನೆಗಳ ಭಾಷೆಯ ಮೇಲೆ ಬಿದ್ದದ್ದನ್ನು ನಾನು ಕನ್ನಡದಲ್ಲಿ ಕಂಡಿಲ್ಲ. ಮೆದುಳಿನ ಪ್ರಶ್ನೆ ವಿಜ್ಞಾನ, ಮರ್ಯಾದೆಯ ಪ್ರಶ್ನೆ ಯಾರು ಬೇಕಾದರೂ ಅನುವಾದಿಸಬಹುದಾದದ್ದು ಎಂಬ ಭಾವನೆ ಇದರ ಹಿಂದೆ ಇದ್ದಂತಿದೆ.

ಇನ್ನೊಂದು ಮಾಪನವಿದೆ. ವೃದ್ಧರು ಎಷ್ಟು ಸ್ವತಂತ್ರವಾಗಿ ಬದುಕಬಲ್ಲರು ಎಂದು ತಿಳಿಯಲು ಲಾಟನ್ ಮತ್ತು ಬ್ರೋಡಿ ಎಂಬ ಇಬ್ಬರು 1969ರಲ್ಲಿ ರೂಪಿಸಿದ್ದು. ಫೋನು ಬಳಸುವುದು, ಅಂಗಡಿಗೆ ಹೋಗುವುದು, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಮಾತ್ರೆ ತೆಗೆದುಕೊಳ್ಳುವುದು, ಹಣಕಾಸು, ಒಟ್ಟು ಎಂಟು. ಮೊದಲ ರೂಪದಲ್ಲಿ ಹೆಂಗಸರಿಗೆ ಎಂಟೂ ಲೆಕ್ಕ, ಗಂಡಸರಿಗೆ ಐದೇ. ಅಡುಗೆ, ಮನೆಗೆಲಸ, ಬಟ್ಟೆ ಗಂಡಸರ ಲೆಕ್ಕಕ್ಕಿಲ್ಲ. ಆಮೇಲೆ ಈ ಭೇದ ಬೇಡವೆಂದು ಎಲ್ಲರಿಗೂ ಎಲ್ಲವನ್ನೂ ಕೇಳುವ ರೂಢಿ ಬಂತು. ನಮ್ಮ ಮನೆಗಳಲ್ಲಿ ಎರಡೂ ಎಡವುತ್ತವೆ. ಜನ್ಮದಲ್ಲಿ ಒಲೆ ಹಚ್ಚದ ಅಜ್ಜನಿಗೆ "ಅಡುಗೆ ಮಾಡಲಾರರು" ಎಂದು ಬರೆದರೆ ಅದು ಅವರ ಮೊಣಕಾಲಿನ ದೋಷವೇ? ಬ್ಯಾಂಕಿನ ಮೆಟ್ಟಿಲು ಹತ್ತಲು ಯಾರೂ ಬಿಡದ ಅಜ್ಜಿಗೆ "ಹಣಕಾಸು ನೋಡಿಕೊಳ್ಳಲಾರರು" ಎಂದು ಬರೆದರೆ ಅದು ವಯಸ್ಸಿನ ದೋಷವೇ? ಮೈಗೆ ಆಗದ್ದು, ಮನೆ ಬಿಡದ್ದು, ಕಲಿಸದೇ ಹೋದದ್ದು ಮೂರನ್ನೂ ಒಂದೇ ಪೆಟ್ಟಿಗೆಗೆ ಹಾಕಿದರೆ ಉಪಾಯವೂ ತಪ್ಪಾಗುತ್ತದೆ. ಮೊದಲನೆಯದಕ್ಕೆ ವೈದ್ಯರು ಬೇಕು. ಉಳಿದೆರಡಕ್ಕೆ ಬೇರೆಯೇ ಬೇಕು.

ಬೇರೆ ಎಂದರೆ ಏನು ಎಂಬುದಕ್ಕೆ 2023ರ ಜೂನ್‌ನಲ್ಲಿ ಒಂದು ದೊಡ್ಡ ಪ್ರಯೋಗವೇ ನಡೆಯಿತು. ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದರ ಇಲ್ಲವಾಯಿತು. ಮೊದಲ ವಾರಗಳಲ್ಲಿ ಧರ್ಮಸ್ಥಳ, ಶೃಂಗೇರಿ, ಮಲೆ ಮಹದೇಶ್ವರ ಬೆಟ್ಟದ ಬಸ್ಸುಗಳು ತುಂಬಿ ತುಳುಕಿದವು. ಅಜ್ಜಿಯರು ಹೊರಟುನಿಂತದ್ದನ್ನು ಕಂಡು ವಾಟ್ಸ್ಆಪ್‌ನಲ್ಲಿ ಎಷ್ಟು ಜೋಕುಗಳು ಹರಿದಾಡಿದವು! "ಪ್ರಯಾಣ ಮಾಡಲಾರರು" ಎಂದು ಎಷ್ಟೋ ಅರ್ಜಿಗಳಲ್ಲಿ ಗುರುತಾಗಿರಬಹುದಾದ ಹೆಂಗಸರು ಎದ್ದು ಹೊರಟಿದ್ದರು. ಅಡ್ಡಿಯಾಗಿದ್ದದ್ದು ಮೊಣಕಾಲೋ, ಮಗನ ಮುಂದೆ ಬಸ್ ಚಾರ್ಜಿಗೆ ಕೈಚಾಚುವ ಸಂಕೋಚವೋ? ತವರಿಗೆ ಹೋಗಿ ತಂಗಿಯನ್ನು ನೋಡಿ ಬಂದ ಮೇಲೆ ಆಕೆಯ ನಿದ್ದೆ ಹೇಗಿತ್ತು? ಶಕ್ತಿಯ ಬಗ್ಗೆ ಪತ್ರಿಕೆಗಳಲ್ಲಿ ನಾವು ದಿನವೂ ಓದುವುದು ಎಷ್ಟು ಕೋಟಿ ಟಿಕೆಟ್, ಎಷ್ಟು ಕೋಟಿ ಹೊರೆ ಎಂಬುದನ್ನು. ಅಜ್ಜಿಯ ನಿದ್ದೆಯ ಲೆಕ್ಕ ಸುದ್ದಿಯಾಗುವುದಿಲ್ಲ.

ನನ್ನ ವಾದಕ್ಕೆ ಸಂಶೋಧಕರು ಏನು ಹೇಳುತ್ತಾರೆ ಎಂದು ನನಗೆ ಗೊತ್ತು. ಎಪ್ಪತ್ತು ಸಾವಿರ ಜನರ ಹತ್ತಿರ ಕಡಲೆಕಾಯಿ ಬಿಡಿಸುತ್ತ ಕೂರಲು ಆಗುವುದಿಲ್ಲ. ಪ್ರಶ್ನೆ ಎಲ್ಲೆಡೆ ಒಂದೇ ಇದ್ದರೆ ಮಾತ್ರ ಹೋಲಿಕೆ ಸಾಧ್ಯ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 1992ರಿಂದ ಇಂಥದೇ ಸಮೀಕ್ಷೆ ನಡೆಸುತ್ತಿದ್ದಾರೆ, ಅದರ ಜೊತೆ ಹೋಲಿಸಬೇಕಾದರೆ ಅಳತೆಗೋಲು ಒಂದೇ ಇರಬೇಕು. ಒಪ್ಪುತ್ತೇನೆ. ಆದರೆ "ಸಾಂಗತ್ಯದ ಕೊರತೆ" ಎಂಬ ಪದ ಮಿಷಿಗನ್ನಿನ ಅಜ್ಜಿಗೆ ಒಂದು, ಮಧುಗಿರಿಯ ಅಜ್ಜಿಗೆ ಇನ್ನೊಂದು ಆಗಿ ಕೇಳಿಸಿದರೆ ಅಳತೆಗೋಲು ಒಂದೇ ಎಂದು ಹೇಗೆ ಹೇಳುವುದು? ಪ್ರಶ್ನೆಯ ಪದಗಳು ಒಂದೇ ಆಗಿರಬೇಕಾಗಿಲ್ಲ, ಕೇಳಿದವರಿಗೆ ಹೊಳೆಯುವ ಅರ್ಥ ಒಂದೇ ಆಗಿರಬೇಕು. ಅದು ಸರಿಯಾದ ಅನುವಾದದ ಮೊದಲ ಪಾಠ. ನಮ್ಮ ಯಾವ ಅನುವಾದಕರನ್ನು ಕೇಳಿದರೂ ಹೇಳಿಯಾರು.

ಆದರೆ ಕೇಳಿದವರು ಯಾರು? ಇಲ್ಲಿ ನಾನು ನಮ್ಮ ಕನ್ನಡ ವಿಭಾಗಗಳ ಕಡೆ ತಿರುಗಬೇಕಾಗುತ್ತದೆ. ಆಡುಮಾತನ್ನು ಕಿವಿಗೊಟ್ಟು ಕೇಳಿ, ಒಂದು ಪ್ರತ್ಯಯವೂ ತಪ್ಪದಂತೆ ಬರೆದುಕೊಳ್ಳುವ ತರಬೇತಿ ಈ ರಾಜ್ಯದಲ್ಲಿ ಯಾರಿಗಾದರೂ ಇದ್ದರೆ ಅದು ನಮಗೆ. ಒಂದು ತ್ರಿಪದಿಗೆ ನಾಲ್ಕು ಊರಿನ ಪಾಠಾಂತರ ಹುಡುಕಿ ಅಡಿಟಿಪ್ಪಣಿ ಹಾಕಿದವರು ನಾವು. ಆದರೆ ಹಾಡಿದ ಅಜ್ಜಿ ಮಹಾಪ್ರಬಂಧದ ಕೊನೆಯಲ್ಲಿ "ವಕ್ತೃಗಳ ವಿವರ" ಎಂಬ ಅನುಬಂಧದಲ್ಲಿ ಒಂದು ಸಾಲಾಗಿ ಉಳಿದಳು. ಹೆಸರು, ವಯಸ್ಸು, ಜಾತಿ, ಊರು. ಆಕೆ ಹಾಡು ನಿಲ್ಲಿಸಿ "ಇನ್ನು ಉಸುರು ಹತ್ತಲ್ಲ ಮಗಾ" ಎಂದದ್ದನ್ನು ಟೇಪಿನಿಂದ ಅಳಿಸಿ ಹಾಡನ್ನು ಮಾತ್ರ ಲಿಪ್ಯಂತರ ಮಾಡಿಕೊಂಡೆವು. ನಮಗೆ ಬೇಕಾದದ್ದು ಪರಂಪರೆ. ಅದನ್ನು ಹೊತ್ತ ಮೈಗೆ ಬಿಪಿ ಎಷ್ಟಿದೆ ಎಂಬುದು ಆರೋಗ್ಯ ಇಲಾಖೆಯ ಕೆಲಸ ಎಂದುಕೊಂಡೆವು.

ಓದಿನಲ್ಲೂ ಹೀಗೇ. ಕಾರಂತರ "ಮೂಕಜ್ಜಿಯ ಕನಸುಗಳು" ಕುರಿತು ನಮ್ಮಲ್ಲಿ ನಡೆದ ವಿಚಾರ ಸಂಕಿರಣಗಳಿಗೆ ಲೆಕ್ಕವಿಲ್ಲ. ಇತಿಹಾಸ, ದೇವರು, ಕಾಮ, ನಾಗರಿಕತೆ ಎಲ್ಲವನ್ನೂ ಆ ಅಜ್ಜಿಯ ಮೂಲಕ ಚರ್ಚಿಸಿದ್ದೇವೆ. ಬಾಲ್ಯದಲ್ಲೇ ವಿಧವೆಯಾಗಿ, ಮಾತಾಡದೆ ವರ್ಷಗಳನ್ನು ಕಳೆದು, ಕೇಳುವ ಮೊಮ್ಮಗನೊಬ್ಬ ಸಿಕ್ಕ ಮೇಲೆ ಮಾತು ಬಿಚ್ಚಿದ ಎಂಬತ್ತರ ಮುದುಕಿ ಆಕೆ ಎಂಬುದು ಚರ್ಚೆಯ ವಿಷಯವಾದದ್ದು ಕಡಿಮೆ. ಸುಬ್ಬರಾಯ ಎದುರು ಕೂತು ಕೇಳದಿದ್ದರೆ ಆ ಅಜ್ಜಿ ಊರಿನವರ ಕಣ್ಣಿಗೆ ಮರುಳಾಗಿಯೇ ಉಳಿಯುತ್ತಿದ್ದಳು. ವೃದ್ಧರ ಯೋಗಕ್ಷೇಮದ ಬಗ್ಗೆ ಕನ್ನಡದಲ್ಲಿ ಒಂದು ಪಠ್ಯ ಬೇಕೆಂದರೆ ಇದಕ್ಕಿಂತ ಒಳ್ಳೆಯದು ಎಲ್ಲಿದೆ? ವೈದ್ಯಕೀಯ ಕಾಲೇಜಿನವರು ಅದನ್ನು ಓದಿಲ್ಲ ಎಂದು ದೂರುವ ಮೊದಲು ನಾವು ಅದನ್ನು ಹಾಗೆ ಓದಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ಹಾಗಾದರೆ ಏನಾಗಬೇಕು? ನನ್ನ ಬೇಡಿಕೆಗಳು ದೊಡ್ಡವಲ್ಲ.

ಕರ್ನಾಟಕದ ಹಿರಿಯರನ್ನು ಕೇಳುವ ಯಾವುದೇ ಪ್ರಶ್ನಾವಳಿಯ ಕನ್ನಡ ರೂಪವನ್ನು ಕ್ಷೇತ್ರಕಾರ್ಯಕ್ಕೆ ಮೊದಲು ಸಾರ್ವಜನಿಕವಾಗಿ ಪ್ರಕಟಿಸಬೇಕು. ಇಂಗ್ಲಿಷ್ ಪ್ರಬಂಧದಲ್ಲಿ "ಕನ್ನಡಕ್ಕೆ ಅನುವಾದಿಸಿ, ಮರು ಅನುವಾದಿಸಿ ಪರಿಶೀಲಿಸಲಾಯಿತು" ಎಂಬ ಒಂದು ಸಾಲು ಸಾಲದು. ಮರು ಅನುವಾದದಲ್ಲಿ "ಸಾಂಗತ್ಯ" ಸುರಕ್ಷಿತವಾಗಿ ಇಂಗ್ಲಿಷಿಗೆ ವಾಪಸು ಹೋಗುತ್ತದೆ. ಅಜ್ಜಿಯ ಕಿವಿಗೆ ಹೋಗುವುದಿಲ್ಲ. ಕಲಬುರಗಿಗೆ, ಮಂಗಳೂರಿಗೆ, ಚಾಮರಾಜನಗರಕ್ಕೆ ಒಂದೇ ಗ್ರಾಂಥಿಕ ಪ್ರತಿ ಕಳಿಸುವ ಬದಲು ಆಯಾ ಸೀಮೆಯ ಮಾತು ಬಲ್ಲವರನ್ನು ಕೂರಿಸಿಕೊಂಡು ತಿದ್ದಬೇಕು. ಪ್ರಶ್ನೆಗಳ ಕೊನೆಯಲ್ಲಿ ಹಿರಿಯರು ತಮಗೆ ಬೇಕಾದ್ದನ್ನು ಹೇಳಲು ಹತ್ತು ನಿಮಿಷ ಇರಬೇಕು. ಅವರು ಒಪ್ಪಿದರೆ ಅದನ್ನು ಧ್ವನಿಮುದ್ರಿಸಿ, ಹೆಸರು ತೆಗೆದು, ಅವರದೇ ಮಾತಿನಲ್ಲಿ ಕಾಪಿಡಬೇಕು. ಸಾವಿರ ಜನ ಹೇಳಿದ ಸಾವಿರ ತುಣುಕು ಸೇರಿದರೆ ಕನ್ನಡದಲ್ಲಿ ಮುಪ್ಪನ್ನು ಹೇಳುವ ಪದಗಳ ಒಂದು ಕೋಶವೇ ಆದೀತು. ಮುಂದಿನ ಪ್ರಶ್ನಾವಳಿ ಅದರಿಂದ ಹುಟ್ಟಲಿ. ಕೊನೆಯದಾಗಿ, ಕಂಡುಕೊಂಡದ್ದನ್ನು ಆ ಊರಿನ ಪಂಚಾಯಿತಿ ಕಟ್ಟೆಯಲ್ಲಿ ಕನ್ನಡದಲ್ಲಿ ಹೇಳಬೇಕು. ಲಾಸಿಯ ವರದಿಯನ್ನು ನಾನು ಓದಿದ್ದು ಇಂಗ್ಲಿಷಿನಲ್ಲಿ. ರಕ್ತದ ಹನಿ ಕೊಟ್ಟವರಿಗೆ ಅದರಿಂದ ಗೊತ್ತಾದದ್ದು ಏನು ಎಂದು ತಿಳಿಯುವ ಹಕ್ಕಿಲ್ಲವೇ?

ಕನ್ನಡ ವಿಭಾಗಗಳಲ್ಲಿ ಈಗ ಸಂಶೋಧನೆಗೆ ವಿಷಯ ಸಿಗುತ್ತಿಲ್ಲ ಎಂಬ ಗೊಣಗಾಟ ಕೇಳುತ್ತಿರುತ್ತೇನೆ. ಒಂದೇ ಕವಿಯ ಮೇಲೆ ಹನ್ನೆರಡನೇ ಪ್ರಬಂಧ ಬರೆಯುವ ವಿದ್ಯಾರ್ಥಿಗಳಿದ್ದಾರೆ. ಅವರ ಮುಂದೆ ಒಂದು ವಿಷಯ ಇಡುತ್ತೇನೆ. ನಿಮ್ಮ ತಾಲ್ಲೂಕಿನ ಎಪ್ಪತ್ತು ದಾಟಿದವರು ಹಸಿವು, ನೋವು, ಬೇಸರ, ಅವಮಾನ, ನೆಮ್ಮದಿ ಇವನ್ನು ಯಾವ ಯಾವ ಪದದಲ್ಲಿ ಹೇಳುತ್ತಾರೆ? ಮಕ್ಕಳ ಎದುರು ಹೇಗೆ, ಮಕ್ಕಳಿಲ್ಲದಾಗ ಹೇಗೆ? ಇಕ್ಕುವುದು, ಬಡಿಸುವುದು, ನೀಡುವುದು, ಹಾಕುವುದು, ಮಡಗುವುದು ಇವುಗಳಲ್ಲಿ ಯಾವುದು ನಿಮ್ಮ ಊರಿನಲ್ಲಿ ಸಹಜ, ಯಾವುದು ದೂರು? ಒಂದು ಊರಿನಲ್ಲಿ ನಿರ್ದೋಷಿಯಾದ ಕ್ರಿಯಾಪದ ಇನ್ನೊಂದು ಊರಿನಲ್ಲಿ ಕಣ್ಣೀರು ಇರಬಹುದು. ಮೂರು ವರ್ಷದ ಕೆಲಸ ಇದು. ಮುಗಿದ ಮೇಲೆ ಆ ಪ್ರಬಂಧದ ಒಂದು ಪ್ರತಿ ಗ್ರಂಥಾಲಯಕ್ಕೆ ಹೋಗಲಿ. ಇನ್ನೊಂದನ್ನು ತಾಲ್ಲೂಕು ಆಸ್ಪತ್ರೆಯ ವೈದ್ಯರ ಮೇ‌ಜಿನ ಮೇಲೆ ಇಟ್ಟು ಬನ್ನಿ.

2050ರ ಹೊತ್ತಿಗೆ ಈ ದೇಶದ ಐವರಲ್ಲಿ ಒಬ್ಬರು ಅರವತ್ತು ದಾಟಿರುತ್ತಾರೆ ಎಂಬ ಅಂದಾಜಿದೆ. ಇಂದು ಎಂ.ಎ. ತರಗತಿಯಲ್ಲಿ ಕೂತವರು ಆಗ ಆ ವಯಸ್ಸಿನ ಕಡೆಗೆ ನಡೆಯುತ್ತಿರುತ್ತಾರೆ. ಅವರನ್ನು ಮಾತಾಡಿಸಲು ಬರುವವರ ಕೈಯಲ್ಲಿ ಯಾವ ಕನ್ನಡ ಇರಬೇಕು ಎಂಬುದನ್ನು ತೀರ್ಮಾನಿಸುವ ಅವಕಾಶ ಈಗ ಅವರಿಗೇ ಇದೆ.